ಹಾಸ್ಟೆಲ್‌ನಲ್ಲಿ ಯಾವ ದಿನಾಚರಣೆ ಮಾಡಿದರೆ ಹುಡುಗಿಯರಿಗೆ ಖರೇನೇ ಉಪಯೋಗ ಆಗುತ್ತದೆ?

ವಾರ್ಡನ್ ಅಕ್ಕ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರ ವಾರ್ಡನ್. ಪಿಯು, ಡಿಗ್ರಿ ಓದುವವರು ಇದ್ದಾರೆ. ಜೇವರ್ಗಿ, ಅಫಜಲಪುರ, ಸುರಪುರ, ಶಹಾಪುರ ಕಡೆಯವರೇ ಜಾಸ್ತಿ. ಕೆಲವರ ಅಪ್ಪ ಅವ್ವ ದುಡಿಯಲು ಪುಣೆ, ಬೆಂಗಳೂರು ಅಂತ ಹೋಗಿರುತ್ತಾರೆ, ಹಬ್ಬಕ್ಕೆ ಊರಿಗೆ ಹೋದರೂ ಮನೆಯಲ್ಲಿ ಅಜ್ಜಿ ಒಬ್ಬಳೇ.

ವರ್ಷಪೂರ್ತಿ ಈ ದಿನ ಆಚರಿಸಿ, ಆ ದಿನ ಆಚರಿಸಿ ಅಂತ ಸುತ್ತೋಲೆ ಬರುತ್ತಲೇ ಇರುತ್ತದೆ. ಜೂನ್ 21ಕ್ಕೆ ಯೋಗ, ಸೆಪ್ಟೆಂಬರ್ 10ಕ್ಕೆ ಆತ್ಮಹತ್ಯೆ ತಡೆ ದಿನ, ಅಕ್ಟೋಬರ್ 10ಕ್ಕೆ ಮಾನಸಿಕ ಆರೋಗ್ಯ ದಿನ. ಬ್ಯಾನರ್ ಕಟ್ಟು, ಅತಿಥಿಗೆ ಶಾಲು ಹೊದಿಸು, ಫೋಟೊ ತೆಗೆದು ಗ್ರೂಪಿಗೆ ಹಾಕು, ಮುಗೀತು. ಹಿಂದಿನ ಸಾಲಿನವರು ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಅವರನ್ನು ಬೈಯುವುದಕ್ಕೂ ಮನಸ್ಸು ಬರಲ್ಲ, ನನಗೇ ಬೇಸರ ಬಂದಿರುತ್ತದೆ.

ಈ ಸಲ ಕಮ್ಮಿ ಮಾಡಿ, ಆದರೆ ಅವರ ಮನಸ್ಸಿಗೆ ಸ್ವಲ್ಪ ಹಗುರ ಆಗುವಂಥದ್ದು ಮಾಡಬೇಕು ಅಂತಿದ್ದೇನೆ. ದುಡ್ಡು ಭಾಳ ಇಲ್ಲ. ಏನು ಮಾಡಬಹುದು?

ಭೀಮಾತೀರ

ಮೇಡಂ, ನಾನು ಮಾನಸಿಕ ಆರೋಗ್ಯದ ಕೆಲಸದಲ್ಲೇ ಇರುವವನು. ಸೆಪ್ಟೆಂಬರ್ 10ರ ಬಗ್ಗೆ ಮಾತ್ರ ಹೇಳುತ್ತೇನೆ.

ಆ ದಿನ ಕಿರುನಾಟಕ ಮಾಡಿಸುವ ರೂಢಿ ಇದೆಯಲ್ಲ, ದಯವಿಟ್ಟು ಅದನ್ನು ಬಿಡಿ. ಹಗ್ಗ, ಔಷಧಿ ಬಾಟಲಿ ಹಿಡಿದು ಅಭಿನಯ ಮಾಡಿಸುತ್ತಾರೆ, ಕೊನೆಗೆ ತಾಯಿ ಅಳುವ ಸೀನ್, ಎಲ್ಲರೂ ಚಪ್ಪಾಳೆ. ಸಾಯುವ ವಿಧಾನ ತೋರಿಸಬಾರದು, ಅದನ್ನು ದೊಡ್ಡ ತ್ಯಾಗದ ಹಾಗೆ ಬಿಂಬಿಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೂ ಸಿನಿಮಾದವರಿಗೂ ಹೇಳುತ್ತಲೇ ಬಂದಿದೆ. ಆಗಲೇ ಕುಗ್ಗಿ ಕೂತ ಹುಡುಗಿ ಅದನ್ನು ನೋಡಿದರೆ ಏನಾಗಬಹುದು, ಯೋಚನೆ ಮಾಡಿ.

ಇನ್ನೊಂದು ತಪ್ಪು ಕಲ್ಪನೆ, "ಸಾಯಬೇಕು ಅನ್ನಿಸುತ್ತಿದೆಯಾ ಅಂತ ಕೇಳಿದರೆ ನಾವೇ ಆ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆ" ಅನ್ನುವುದು. ಹಾಗೇನೂ ಆಗಲ್ಲ. ನೇರವಾಗಿ, ಮೆಲ್ಲಗೆ ಕೇಳಿದರೆ ಎಷ್ಟೋ ಜನಕ್ಕೆ ಎದೆ ಹಗುರ ಆಗುತ್ತದೆ. ಸಭೆಯಲ್ಲಿ ಕೇಳುವ ಮಾತಲ್ಲ ಅಷ್ಟೇ. ರೂಮಿಗೆ ಹೋಗಿ, ಮಂಚದ ಮೇಲೆ ಕೂತು ಕೇಳಬೇಕು.

ಬ್ಯಾನರ್ ಬದಲು 14416 ಅಂತ ದಪ್ಪಕ್ಷರದಲ್ಲಿ ಬರೆದು ಬಚ್ಚಲುಮನೆ ಬಾಗಿಲ ಒಳಗಡೆ ಅಂಟಿಸಿ. ಅದು ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಪುಕ್ಕಟೆ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬಚ್ಚಲು ಯಾಕೆ ಅಂದರೆ, ಅಲ್ಲಿ ಯಾರೂ ನೋಡದ ಹಾಗೆ ನಂಬರ್ ಓದಿಕೊಳ್ಳಬಹುದು. ನೋಟಿಸ್ ಬೋರ್ಡ್ ಮುಂದೆ ನಿಂತು ಯಾರೂ ಬರೆದುಕೊಳ್ಳಲ್ಲ.

ಬೀದರ್ ಕೋಟೆ ಬಾಗಿಲು

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ದಿನಗಳ ತಾರೀಖು ನಮ್ಮ ಕಡೆಯ ವರ್ಷಕ್ಕೆ ಹೊಂದುವುದೇ ಇಲ್ಲ ರೀ. ಮುಟ್ಟಿನ ನೈರ್ಮಲ್ಯ ದಿನ ಮೇ 28. ತಿಂಗಳ ಚಕ್ರ ಸರಾಸರಿ 28 ದಿನ, ಸ್ರಾವ ಸರಾಸರಿ 5 ದಿನ, ಅದಕ್ಕೆ ಐದನೇ ತಿಂಗಳ 28 ಅಂತ ಲೆಕ್ಕ, ಚೆನ್ನಾಗಿದೆ. ಆದರೆ ಆಗ ನಮ್ಮಲ್ಲಿ ಕೆಂಡದಂಥ ಬಿಸಿಲು, ಹಾಸ್ಟೆಲ್ ಅರ್ಧ ಖಾಲಿ. ಅಕ್ಟೋಬರ್ 10 ನೋಡಿ, 2024ರಲ್ಲಿ ಆಯುಧಪೂಜೆಯ ಹಿಂದಿನ ದಿನ ಬಂತು. ಯಾರಿಗೆ ಭಾಷಣ ಮಾಡುತ್ತೀರಿ, ಬೆಂಚಿಗೆ?

ಫೋಟೊ ಬೇಕೇ ಬೇಕು ಅಂದರೆ ಆ ದಿನ ಎರಡು ನಿಮಿಷ ಮುಗಿಸಿ ಕಳಿಸಿಬಿಡಿ. ಅಸಲಿ ಕೆಲಸಕ್ಕೆ ನಿಮ್ಮದೇ ದಿನ ಇಟ್ಟುಕೊಳ್ಳಿ. ಮುಟ್ಟಿನ ವಿಷಯ ಹೊಸಬರು ಬಂದು ಒಂದೆರಡು ವಾರ ಆದ ಮೇಲೆ. ಮನಸ್ಸಿನ ವಿಷಯ ಜನವರಿ, ಫೆಬ್ರವರಿಯಲ್ಲಿ, ಪರೀಕ್ಷೆಗೆ ಮುಂಚೆ. ರಿಸಲ್ಟ್ ದಿನವಂತೂ ಯಾವ ಕ್ಯಾಲೆಂಡರಿನಲ್ಲೂ ಇರಲ್ಲ, ಆದರೆ ಆವತ್ತು ಎರಡು ವಿಷಯ ಹೋದ ಹುಡುಗಿಗೆ ಒಂದು ಫೋನ್ ಮಾಡಿದರೆ ಹತ್ತು ದಿನಾಚರಣೆಗಿಂತ ಮೇಲು.

ಸಜ್ಜೆರೊಟ್ಟಿ

ನಾನು ಯಾದಗಿರಿ ಕಡೆಯವಳು, ಕಲಬುರಗಿ ಹಾಸ್ಟೆಲ್ಲಿನಲ್ಲೇ ಡಿಗ್ರಿ ಮುಗಿಸಿದೆ. ಅಕ್ಕಾ, ಆ ಯೋಗ ದಿನ ಗೀಗ ದಿನ ಒಂದೂ ನೆನಪಿಲ್ಲ. ನೆನಪಿರುವುದು ಎಳ್ಳಮಾವಾಸ್ಯೆ. ಮನೆಯವರೆಲ್ಲ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಡಲು ಹೋಗುವ ದಿನ ನಾವು ಕಾಲೇಜಿನಲ್ಲಿ ಸೆಮಿಸ್ಟರ್ ನೋಟ್ಸ್ ಬರೆಯುತ್ತಾ ಕೂತರೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಒಂದು ವರ್ಷ ನಮ್ಮ ವಾರ್ಡನ್ನು ಮಾರ್ಕೆಟ್ಟಿನಿಂದ ಹಸಿ ತೊಗರಿ, ಅವರೆ, ಬಟಾಣಿ, ಮೆಂತ್ಯೆ ಪಲ್ಯೆ ಎಲ್ಲ ತರಿಸಿ "ನೀವೇ ಸುಲಿಯಿರಿ, ನೀವೇ ಭಜ್ಜಿ ಮಾಡಿ" ಅಂದರು. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಕಾಳು, ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ್ದು. ಆಳಂದದವಳು ಒಂದು ರೀತಿ ಹೇಳಿದಳು, ಸೇಡಂದವಳು ಇನ್ನೊಂದು, ಜಗಳವೋ ಜಗಳ. ಒಂದು ತಿಂಗಳಿಂದ ಯಾರ ಹತ್ತಿರವೂ ಮಾತಾಡದವಳೊಬ್ಬಳು ಆವತ್ತು ಕಾಳು ಸುಲಿಯುತ್ತಾ ಸುಲಿಯುತ್ತಾ ತನ್ನ ಮನೆ ಕಥೆ ಎಲ್ಲ ಹೇಳಿಕೊಂಡಳು. ಕೈಗೆ ಕೆಲಸ ಇದ್ದರೆ ಬಾಯಿ ತಾನೇ ಬಿಚ್ಚುತ್ತದೆ.

ಮತ್ತೆ ರಂಜಾನ್. ಇಫ್ತಾರ್ ಕೂಟ ಮಾಡಿ ಫೋಟೊ ತೆಗೆಸುವುದು ಸುಲಭ. ಬೆಳಗಿನ ಜಾವ ಸಹರಿಗೆ ಬಿಸಿ ಊಟ ಕೊಡುತ್ತೀರಾ? ರಂಜಾನ್ ಈಗ ಪರೀಕ್ಷೆ ಹೊತ್ತಿಗೇ ಬರುತ್ತಿದೆ. ನನ್ನ ರೂಮಿನವಳು ರಾತ್ರಿ ಎತ್ತಿಟ್ಟ ತಣ್ಣನೆ ಅನ್ನ ತಿಂದು ರೋಜಾ ಉಪವಾಸ ಹಿಡಿಯುತ್ತಿದ್ದಳು.

ಸುಮ್ನೆ ಒಂದು ಮಾತು

ಎಲ್ಲರೂ ಹಬ್ಬವನ್ನು ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಕಹಿ ಹೇಳುತ್ತೇನೆ, ಬೇಜಾರಾಗಬೇಡಿ. ಹಬ್ಬಕ್ಕೆ, ರಜೆಗೆ ಅಂತ ಊರಿಗೆ ಹೋದ ಹುಡುಗಿಯರೆಲ್ಲ ವಾಪಸ್ ಬರುತ್ತಾರಾ? ಬಸವ ಜಯಂತಿ, ಅಕ್ಷಯ ತೃತೀಯ ಎರಡೂ ಒಂದೇ ತಿಥಿಗೆ ಬರುತ್ತವೆ. ನಮ್ಮ ಕಡೆ ಸಾಮೂಹಿಕ ಮದುವೆಗಳು ಜಾಸ್ತಿ ನಡೆಯುವುದೂ ಆಗಲೇ. ಫಸ್ಟ್ ಪಿಯು ಮುಗಿಸಿದವಳಿಗೆ 16, 17 ವಯಸ್ಸು. ಜೂನ್‌ನಲ್ಲಿ ಅವಳ ಮಂಚ ಖಾಲಿ, ಕೇಳಿದರೆ "ಮದುವೆ ಆಯ್ತಂತೆ" ಅಂತ ಗೆಳತಿಯರು ಹೇಳುತ್ತಾರೆ. ಮನಸ್ಸಿನ ನೆಮ್ಮದಿ ಅಂತ ಮಾತಾಡುವಾಗ ಇದನ್ನು ಬಿಟ್ಟರೆ ಹೇಗೆ? ಅಕ್ಟೋಬರ್ 11 ಹೆಣ್ಣುಮಗುವಿನ ದಿನ. ಮೇಲೆ ಕಾಲೇಜಿನ ಸರ್ ಹೇಳಿದ ಹಾಗೆ ಅದನ್ನು ಮಾರ್ಚಿಗೆ ತನ್ನಿ. ರಜೆಗೆ ಬ್ಯಾಗ್ ಕಟ್ಟುವ ಮುಂಚೆ ಒಬ್ಬೊಬ್ಬರನ್ನೇ ಕರೆದು "ಮನೆಯಲ್ಲಿ ಗಂಡು ನೋಡುತ್ತಿದ್ದಾರಾ?" ಅಂತ ಕೇಳಿ. ಮಕ್ಕಳ ಸಹಾಯವಾಣಿ ನಂಬರ್ 1098 ಬಾಯಿಪಾಠ ಮಾಡಿಸಿ. ಚೀಟಿ ಕೊಟ್ಟರೆ ಮನೆಯಲ್ಲಿ ಯಾರಾದರೂ ನೋಡಿ ಕಿತ್ತುಕೊಳ್ಳುತ್ತಾರೆ.

ವಾರ್ಡನ್ ಅಕ್ಕ, ಕಲಬುರಗಿ

ಕೊನೆಯ ಮಾತು ಓದಿ ಹಾಜರಿ ಪುಸ್ತಕ ತೆಗೆದು ನೋಡಿದೆ. ಫಸ್ಟ್ ಪಿಯು ಮುಗಿಸಿ ವಾಪಸ್ ಬರದವರು ಇದ್ದಾರೆ. ಕಾರಣದ ಕಾಲಂನಲ್ಲಿ "ಸ್ವಂತ ಕಾರಣ" ಅಂತ ಬರೆದಿದೆ ಅಷ್ಟೇ. ಮಾರ್ಚ್ ಮಾತುಕತೆ ಪಕ್ಕಾ.

ನಾಟಕ ಕ್ಯಾನ್ಸಲ್. ಬಚ್ಚಲು ಬಾಗಿಲಿಗೆ ನಂಬರ್ ನಾಳೆಯೇ ಅಂಟಿಸುತ್ತೇನೆ. ಎಳ್ಳಮಾವಾಸ್ಯೆ ಭಜ್ಜಿ ನಾನೂ ತಿನ್ನಬೇಕು. ತೊಡಕು ಇರುವುದು ಸಹರಿಗೆ. ಅಡುಗೆಯವರು ಬರುವುದೇ ಆರಕ್ಕೆ, ಮುಂಚೆ ಬನ್ನಿ ಅಂದರೆ ಒಪ್ಪಲ್ಲ. ಯಾರಾದರೂ ಇದನ್ನು ಮಾಡಿದವರು ಇದ್ದೀರಾ?

ಸಜ್ಜೆರೊಟ್ಟಿ

ಅಡುಗೆಯವರನ್ನು ಕರೆಯಬೇಡಿ ಅಕ್ಕಾ. ರಾತ್ರಿ ಸಾಮಾನು ತೆಗೆದಿಟ್ಟು ಅಡುಗೆಮನೆ ಕೀಲಿ ಹುಡುಗಿಯರ ಕೈಗೆ ಕೊಡಿ. ಗ್ಯಾಸ್ ಬಂದ್ ಮಾಡುವ ಜವಾಬ್ದಾರಿ ಇಬ್ಬರ ಹೆಸರಿಗೆ ಬರೆದಿಡಿ, ಸಾಕು.