ಪದಚರ್ಚೆ: ಕೆಲಸದ ಜಾಗದ ಒಡನಾಟಕ್ಕೆ ‘ಸಾಮಾಜಿಕ ಜಾಲ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಕೆಲಸದ ಜಾಗದಲ್ಲಿ ಯಾರು ಯಾರ ಸಲಹೆ ಕೇಳುತ್ತಾರೆ, ಯಾರ ಮಾತು ಎಲ್ಲಿವರೆಗೆ ಮುಟ್ಟುತ್ತದೆ, ಇದರಿಂದ ತಂಡದ ಕೆಲಸ ಹೇಗೆ ಬದಲಾಗುತ್ತದೆ ಎಂದು ನೋಡುವ ಶಾಸ್ತ್ರವೊಂದಿದೆ. ಬಿ.ಕಾಂ. ಮಕ್ಕಳಿಗಾಗಿ ಅದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಪದದಲ್ಲೇ ತೊಡಕಾಗಿದೆ. ಸೋಶಿಯಲ್ ನೆಟ್‌ವರ್ಕ್‌ಗೆ ‘ಸಾಮಾಜಿಕ ಜಾಲ’ ಎಂದು ಬರೆದರೆ ಓದುವವರಿಗೆ ಫೇಸ್‌ಬುಕ್ಕೇ ನೆನಪಾಗುತ್ತದೆ. ‘ವಂಚಕರ ಜಾಲ ಪತ್ತೆ’ ಅಂತ ಪೇಪರಿನಲ್ಲಿ ಬೇರೆ ಓದುತ್ತಿರುತ್ತೇವೆ ಅಲ್ವಾ? ಆದರೆ ಈ ಶಾಸ್ತ್ರ ಫೇಸ್‌ಬುಕ್ಕಿಗಿಂತ ಎಷ್ಟೋ ಹಳೆಯದು: ಜನರನ್ನು ಚುಕ್ಕಿಯಾಗಿ, ಸಂಬಂಧವನ್ನು ಗೆರೆಯಾಗಿ ಬರೆಯುವ ಕ್ರಮವನ್ನು ಮನೋವೈದ್ಯ ಜೇಕಬ್ ಮೊರೆನೊ 1930ರ ದಶಕದಲ್ಲೇ ಬಳಕೆಗೆ ತಂದಿದ್ದರು. ನಾನು ಸದ್ಯಕ್ಕೆ ‘ಒಡನಾಟದ ಜಾಲ’ ಅಂತ ಇಟ್ಟುಕೊಂಡಿದ್ದೇನೆ. ಒಂದೊಂದು ಗೆರೆಗೂ ‘ನಂಟು’.

ನನಗೆ ಜಾಸ್ತಿ ಕಷ್ಟವಾಗಿರುವುದು ‘ವೀಕ್ ಟೈಸ್’, ಅಂದರೆ ಆಪ್ತರಲ್ಲದ, ಬರೀ ಪರಿಚಯದವರ ಜೊತೆಗಿನ ನಂಟು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಲೇಖನದಲ್ಲಿ ಈ ಮಾತನ್ನು ಮುಂದಿಟ್ಟರು. ಅಮೆರಿಕದ ನ್ಯೂಟನ್ ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದ್ದರು. ಕೆಲಸದ ಸುದ್ದಿ ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಶೇ. 16.7 ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದದ್ದು ಯಾವಾಗಲಾದರೊಮ್ಮೆ ಇಲ್ಲವೇ ತೀರಾ ಅಪರೂಪಕ್ಕೆ ಸಿಗುವವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತೇ ಇರುತ್ತದೆ, ಹೊಸ ಸುದ್ದಿ ಹೊರಗಿನಿಂದಲೇ ಬರಬೇಕು. ಇಷ್ಟು ಕೆಲಸಕ್ಕೆ ಬರುವ ನಂಟನ್ನು ‘ದುರ್ಬಲ ಸಂಬಂಧ’ ಅಂತ ಕರೆದರೆ ಕೈಲಾಗದ್ದು ಅನ್ನಿಸಿಬಿಡುತ್ತದೆ. ‘ಸಡಿಲ ನಂಟು’ ವಾಸಿ. ಇನ್ನೂ ಒಳ್ಳೆಯದು ನಮ್ಮಲ್ಲೇ ಇದೆ: ‘ಮುಖಪರಿಚಯ’. ‘ವಶೀಲಿ’ ಮಾತ್ರ ಬೇಡ. ಅದು ಶಿಫಾರಸಿನ ಮಾತು, ಇಲ್ಲಿರುವುದು ಸುದ್ದಿಯ ಮಾತು.

ಇನ್ನೊಂದು ಪದ ‘ಕ್ಲಿಕ್’ (clique), ಅಂದರೆ ತಂಡದೊಳಗೆ ತಮ್ಮತಮ್ಮಲ್ಲೇ ಹೆಚ್ಚು ಬೆರೆಯುವ ಚಿಕ್ಕ ಗುಂಪು. ಶಿಕಾಗೊ ಪಕ್ಕದ ಹಾಥಾರ್ನ್ ಕಾರ್ಖಾನೆಯಲ್ಲಿ 1931-32ರಲ್ಲಿ ಟೆಲಿಫೋನ್ ಸ್ವಿಚ್‌ಗಳಿಗೆ ತಂತಿ ಜೋಡಿಸುವ, ಬೆಸುಗೆ ಹಾಕುವ, ತಪಾಸಣೆ ಮಾಡುವ ಒಟ್ಟು 14 ಗಂಡಸರನ್ನು ಸಂಶೋಧಕರು ಒಂದು ಕೋಣೆಯಲ್ಲಿಟ್ಟು ತಿಂಗಳುಗಟ್ಟಲೆ ಗಮನಿಸಿದರು. ಯಾರು ಯಾರಿಗೆ ಕೈಜೋಡಿಸಿದರು, ಯಾರು ಯಾರ ಜೊತೆ ಆಟವಾಡಿದರು, ಕಿಟಕಿ ತೆಗೆಯುವುದಕ್ಕೆ ಯಾರು ಜಗಳವಾಡಿದರು, ಎಲ್ಲವನ್ನೂ ಗೆರೆ ಎಳೆದು ತೋರಿಸಿದರು. ಕೋಣೆಯ ಮುಂಭಾಗದಲ್ಲಿ ಒಂದು ಗುಂಪು, ಹಿಂಭಾಗದಲ್ಲಿ ಇನ್ನೊಂದು. ಜಾಸ್ತಿ ಕೆಲಸ ಮಾಡಿದರೆ ಜಾಸ್ತಿ ಕೂಲಿ ಬರುತ್ತಿತ್ತು. ಆದರೂ ದಿನಕ್ಕೆ ಇಷ್ಟೇ ಅಂತ ಅವರವರಲ್ಲೇ ಒಂದು ಮಿತಿ ಇತ್ತು. ಮೀರಿದವನ ತೋಳಿಗೆ ಪಕ್ಕದವನು ಒಂದು ಗುದ್ದು ಕೊಡುತ್ತಿದ್ದ. ಕೂಲಿಯ ಲೆಕ್ಕಕ್ಕಿಂತ ಈ ಗುದ್ದೇ ಹೆಚ್ಚು ನಡೆಯಿತು ಅನ್ನುವುದು ನನ್ನನ್ನು ಈಗಲೂ ಹಿಡಿದಿಡುತ್ತದೆ.

ಕೋಣೆಯೊಳಗಿನ ಇಂಥ ಒಂದೊಂದು ಗುಂಪನ್ನು ಏನೆನ್ನೋಣ? ‘ತಂಡ’ ಅಂದರೆ 14 ಜನವೂ ಸೇರುತ್ತಾರೆ. ‘ಗುಂಪುಗಾರಿಕೆ’ಯಲ್ಲಿ ಬೈಗುಳವಿದೆ. ‘ಬಳಗ’ದಲ್ಲಿ ಪ್ರೀತಿ ಇದೆ, ಗುದ್ದು ಇಲ್ಲ. ‘ಒಳಗುಂಪು’ ನನಗೆ ಸರಿಕಂಡಿದೆ.

ಸಮಾಜಶಾಸ್ತ್ರಜ್ಞ ರೊನಾಲ್ಡ್ ಬರ್ಟ್ 1992ರಲ್ಲಿ ಹೇಳಿದ ‘ಸ್ಟ್ರಕ್ಚರಲ್ ಹೋಲ್’ಗೆ, ಅಂದರೆ ಎರಡು ಗುಂಪುಗಳ ನಡುವೆ ನಂಟೇ ಇಲ್ಲದ ಖಾಲಿ ಜಾಗಕ್ಕೆ ‘ತೆರಪು’ ಅಂದುಕೊಂಡಿದ್ದೇನೆ. ಆ ತೆರಪಿನಲ್ಲಿ ನಿಂತು ಎರಡೂ ಕಡೆಯ ಸುದ್ದಿ ಸಾಗಿಸುವವರಿಗೆ ‘ದಲ್ಲಾಳಿ’ ಅನ್ನಲು ಮನಸ್ಸಿಲ್ಲ. ಕಮಿಷನ್ನಿನ ವಾಸನೆ ಬರುತ್ತದೆ. ‘ಕೊಂಡಿ’ ಅನ್ನಬಹುದೇ? ಆದರೆ ಬರ್ಟ್ ಪ್ರಕಾರ ಆ ಜಾಗದಲ್ಲಿ ನಿಂತವರಿಗೆ ಲಾಭವೂ ಇದೆ. ‘ಕೊಂಡಿ’ಯಲ್ಲಿ ಅದು ಕಾಣುವುದಿಲ್ಲ.

ಕೊನೆಗೆ ಎರಡು ಪ್ರಶ್ನೆ. ‘ನೆಂಟರು’ ಕಿವಿಯಲ್ಲಿರುವುದರಿಂದ ‘ನಂಟು’ ಅಂದಾಗ ನಿಮಗೆ ಬೀಗರು ನೆನಪಾಗುತ್ತಾರಾ? ಮತ್ತೆ, ಗಾರ್ಮೆಂಟ್ಸ್, ಬ್ಯಾಂಕು, ಬಸ್ ಡಿಪೋಗಳಲ್ಲಿ ಇರುವವರು ದಯವಿಟ್ಟು ತಿಳಿಸಿ: ಎಲ್ಲಾ ಸೆಕ್ಷನ್ನಿನಲ್ಲೂ ಜನ ಗೊತ್ತಿರುವ ಸಹೋದ್ಯೋಗಿಗೆ ನಿಮ್ಮ ಕಡೆ ಏನಂತ ಕರೆಯುತ್ತೀರಿ? ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಮಾತು ಸಿಕ್ಕರೆ ಇನ್ನೂ ಸಂತೋಷ.