ರಕ್ಷಿಸಿದ ಕರಡಿಗಳನ್ನು ಮರಳಿ ಕಾಡಿಗೆ ಏಕೆ ಬಿಡುವುದಿಲ್ಲ?

ಪ್ರಶ್ನೆ: ಶಿಕ್ಷಕಿ, ಹೊಸಪೇಟೆ

ನಾನು ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಬೋಧಿಸುತ್ತೇನೆ. ನಮ್ಮ ಮಕ್ಕಳಿಗೆ ಕರಡಿ ಹೊಸದಲ್ಲ. ದರೋಜಿ ಕರಡಿಧಾಮದಲ್ಲಿ ಬಂಡೆಗಳಿಗೆ ಸವರಿದ ಬೆಲ್ಲದ ಪಾಕವನ್ನು ನೆಕ್ಕಲು ಸಂಜೆಯ ಹೊತ್ತು ಗುಡ್ಡದಿಂದ ಇಳಿದು ಬರುವ ಕರಡಿಗಳನ್ನು ಅವರಲ್ಲಿ ಹಲವರು ನೋಡಿದ್ದಾರೆ. ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರದ ವಿಷಯ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, ಕುಣಿಸುವವರಿಂದ ಬಿಡಿಸಿ ತಂದ ಕರಡಿಗಳನ್ನು ದರೋಜಿಯಂತಹ ಕಾಡಿಗೆ ಬಿಡದೆ ಬದುಕಿಡೀ ಬೇಲಿಯೊಳಗೆ ಇಡುವುದಾದರೆ ಅದನ್ನು ಬಿಡುಗಡೆ ಎನ್ನಬಹುದೇ ಎಂದು ಕೇಳಿದಳು. ಸರಿಯಾದ ಉತ್ತರ ಕೊಡಬೇಕೆಂಬ ಆಸೆ ನನ್ನದು. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಪಶುವೈದ್ಯ, ಬೆಂಗಳೂರು

ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಉತ್ತರವನ್ನು ಕರಡಿಯ ಬಾಯಿಂದಲೇ ಆರಂಭಿಸುತ್ತೇನೆ.

ನಮ್ಮ ಕರಡಿಗೆ ಹುಟ್ಟಿನಿಂದಲೇ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಆ ಸಂದಿಗೆ ತುಟಿಗಳನ್ನು ಕೊಳವೆಯಂತೆ ಚಾಚಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಅದು ಹುತ್ತದೊಳಗಿನ ಗೆದ್ದಲನ್ನು ರಭಸದಿಂದ ಹೀರುತ್ತದೆ. ಅಂದರೆ ಅದರ ಜೀವನೋಪಾಯವೆಲ್ಲ ಮೂತಿ, ತುಟಿ ಮತ್ತು ಉಗುರುಗಳಲ್ಲಿದೆ. ಕುಣಿತಕ್ಕೆ ಪಳಗಿಸುವವರು ಹಾಳುಗೆಡವುತ್ತಿದ್ದುದೂ ಇದನ್ನೇ. ಇನ್ನೂ ಮರಿಯಾಗಿರುವಾಗಲೇ ಅರಿವಳಿಕೆಯಿಲ್ಲದೆ, ಕಾಯಿಸಿದ ಕಬ್ಬಿಣದ ಸಲಾಕೆಯಿಂದ ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸುತ್ತಿದ್ದರು, ಕೋರೆಹಲ್ಲುಗಳನ್ನು ಬಡಿದು ಮುರಿಯುತ್ತಿದ್ದರು. ಹಗ್ಗ ಎಳೆದಾಗಲೆಲ್ಲ ಗಾಯ ಮತ್ತೆ ಹಸಿಯಾಗುತ್ತಿತ್ತು, ಹುಳು ಬೀಳುತ್ತಿತ್ತು. ಜನರು ಕುಣಿತವೆಂದು ನೋಡಿದ್ದು ಆ ನೋವಿನಿಂದ ತಪ್ಪಿಸಿಕೊಳ್ಳಲು ಪ್ರಾಣಿ ಹಾಕುತ್ತಿದ್ದ ಹೆಜ್ಜೆಗಳನ್ನು. ಹೀಗಾಗಿ ಕೇಂದ್ರಕ್ಕೆ ಬಂದ ಕರಡಿಗೆ ಮಾಡುವ ಮೊದಲ ಕೆಲಸಗಳಲ್ಲಿ ಆ ಹಗ್ಗವನ್ನು ಕತ್ತರಿಸಿ ತೆಗೆಯುವುದೂ ಒಂದು. ನಂತರ ಮುರಿದ ಹಲ್ಲಿನ ಬೇರುಗಳನ್ನು ಶಸ್ತ್ರಚಿಕಿತ್ಸೆಯಿಂದ ಕೀಳಬೇಕಾಗುತ್ತದೆ.

ಎರಡನೆಯ ಕಾರಣ ಕಲಿಕೆಯದು. ಕಾಡಿನಲ್ಲಿ ಮರಿಯು ತಾಯಿಯ ಬೆನ್ನೇರಿ ಸಾಗುತ್ತ, ಎರಡು ವರ್ಷಕ್ಕೂ ಹೆಚ್ಚು ಕಾಲ ಅವಳೊಂದಿಗಿದ್ದು, ಯಾವ ಋತುವಿನಲ್ಲಿ ಯಾವ ಹಣ್ಣು, ಬೇಸಿಗೆಯಲ್ಲಿ ನೀರೆಲ್ಲಿ, ಹುಲಿ ಚಿರತೆಗಳು ಎದುರಾದರೆ ಏನು ಮಾಡಬೇಕು ಎಂಬುದನ್ನೆಲ್ಲ ಕಲಿಯುತ್ತದೆ. ಕುಣಿತದ ಕರಡಿಗಳನ್ನು ಹಾಲುಮರಿಗಳಾಗಿರುವಾಗಲೇ, ಅನೇಕ ಸಲ ತಾಯಿಯನ್ನು ಕೊಂದು, ಕದ್ದು ತರಲಾಗುತ್ತಿತ್ತು. ಜೊತೆಗೆ, ಮನುಷ್ಯರ ಸಹವಾಸದಿಂದ ಅವುಗಳಲ್ಲಿ ಅನೇಕಕ್ಕೆ ಕ್ಷಯ ಅಂಟಿತ್ತು. ಅಂತಹ ಪ್ರಾಣಿಯನ್ನು ದರೋಜಿಗೆ ಬಿಟ್ಟರೆ ಅಲ್ಲಿನ ಆರೋಗ್ಯವಂತ ಕರಡಿಗಳಿಗೂ ಅಪಾಯ. ಹಸಿದಾಗ ಅದು ಊರಿನತ್ತ ನಡೆದರೆ ನಿಮ್ಮ ಮಕ್ಕಳಿಗೂ ಅಪಾಯ.

ಉತ್ತರ 2: ಸ್ವಯಂಸೇವಕಿ, ಪ್ರಾಣಿ ಪುನರ್ವಸತಿ ಕೆಲಸ

ವೈದ್ಯರು ದೇಹದ ಬಗ್ಗೆ ಹೇಳಿದ್ದಾರೆ. ದಿನನಿತ್ಯದ ದುಡಿಮೆಯ ಹೆಚ್ಚಿನ ಪಾಲು ಮನಸ್ಸಿಗೆ ಸಂಬಂಧಿಸಿದ್ದು.

ಹಗ್ಗ ಹೋದ ಮೇಲೂ ಕೆಲವು ಕರಡಿಗಳು ಒಂದೇ ಜಾಗದಲ್ಲಿ ನಿಂತು, ಗಂಟೆಗಟ್ಟಲೆ ತಲೆಯನ್ನು ಅತ್ತಿತ್ತ ತೂಗುತ್ತಿರುತ್ತವೆ. ಆಹಾರವನ್ನು ತಟ್ಟೆಯಲ್ಲಿ ಇಟ್ಟುಬಿಟ್ಟರೆ ಈ ಚಟ ಹೋಗುವುದಿಲ್ಲ. ಆದ್ದರಿಂದ ಗಂಜಿಯ ಜೊತೆಗೆ ಕೊಡುವ ಹಣ್ಣು, ಕಡಲೆಕಾಯಿಗಳನ್ನು ಬಚ್ಚಿಡುತ್ತಾರೆ, ತೂತು ಕೊರೆದ ಮರದ ದಿಮ್ಮಿಗೆ ಜೇನು ತುಂಬುತ್ತಾರೆ, ಹತ್ತಲು ಅಟ್ಟಣಿಗೆ ಕಟ್ಟುತ್ತಾರೆ, ಅಗೆಯಲು ಮಣ್ಣು ಬಿಡುತ್ತಾರೆ. ಮೂತಿಯಲ್ಲಿ ತೂತಿನ ಕಲೆ ಉಳಿದ ಮುದಿ ಕರಡಿಯೊಂದು ದಿಮ್ಮಿಯನ್ನು ಮುಂಗಾಲುಗಳಲ್ಲಿ ತಬ್ಬಿ ಹಿಡಿದು, ಜೇನು ಮುಗಿದ ನಂತರ ಮಲಗಿ, ತನ್ನದೇ ಪಾದವನ್ನು ಚೀಪುತ್ತ ದುಂಬಿಯಂತೆ ಗುಂಯ್‌ಗುಟ್ಟುವುದನ್ನು ನಾನು ಹತ್ತಿರದಿಂದ ಕೇಳಿದ್ದೇನೆ. ತೃಪ್ತಿಯಿಂದಿರುವ ಕರಡಿ ಹೊರಡಿಸುವ ಸದ್ದದು. ಅದನ್ನು ಬಿಡುಗಡೆ ಎನ್ನಲು ನನಗಂತೂ ಸಂಕೋಚವಿಲ್ಲ.

ಉತ್ತರ 3: ಓದುಗ, ಬಳ್ಳಾರಿ

ಕರಡಿ ಆಡಿಸುತ್ತಿದ್ದ ಕಲಂದರ್ ಸಮುದಾಯವನ್ನು ಕೇವಲ ಕ್ರೂರಿಗಳೆಂದು ಮಕ್ಕಳಿಗೆ ಹೇಳಬೇಡಿ ಎಂಬುದು ನನ್ನ ವಿನಂತಿ. ತಲೆಮಾರುಗಳಿಂದ ಅವರಿಗಿದ್ದುದು ಅದೊಂದೇ ಹೊಟ್ಟೆಪಾಡು. ಮಗುವಿನ ಭಯ ಹೋಗಲೆಂದು ಕರಡಿಯ ಮೇಲೆ ಕೂರಿಸಿ, ಅದರ ಕೂದಲಿನ ತಾಯತ ಕಟ್ಟಿಸಿಕೊಂಡು ಕಾಸು ಕೊಟ್ಟವರು ನಮ್ಮ ಹಿರಿಯರೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ದಶಕಗಳ ಕಾಲ ಕರಡಿ ಕುಣಿತ ನಿಲ್ಲಲಿಲ್ಲ. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯು ಅರಣ್ಯ ಇಲಾಖೆಗಳ ಜೊತೆ ಸೇರಿ, ಕರಡಿ ಒಪ್ಪಿಸಿದವರಿಗೆ ಬೇರೆ ಕಸುಬು ಹಿಡಿಯಲು ಬಂಡವಾಳ ಕೊಟ್ಟು, ಅವರ ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆಯೇ ಕರಡಿಗಳನ್ನು ಒಪ್ಪಿಸುವುದು ಹೆಚ್ಚಾಯಿತು. ಭಾರತದ ಕೊನೆಯ ಕುಣಿತದ ಕರಡಿಯೆಂದು ಹೆಸರಾದ ರಾಜು 2009ರ ಡಿಸೆಂಬರ್‌ನಲ್ಲಿ ಬನ್ನೇರುಘಟ್ಟ ತಲುಪಿತು.

ಶಿಕ್ಷಕಿ, ಹೊಸಪೇಟೆ

ಎಲ್ಲರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ: ಬಾವಿಗೆ ಬಿದ್ದ ಅಥವಾ ಹಂದಿಯ ಉರುಲಿಗೆ ಸಿಕ್ಕ ಕರಡಿಯನ್ನೂ ಹೀಗೆಯೇ ಇಟ್ಟುಕೊಳ್ಳುತ್ತಾರೆಯೇ?

ಪಶುವೈದ್ಯ, ಬೆಂಗಳೂರು

ಇಲ್ಲ. ಅದು ಕಾಡಿನಲ್ಲೇ ಬೆಳೆದ, ಬದುಕಲು ಬಲ್ಲ ಪ್ರಾಣಿ. ಚಿಕಿತ್ಸೆ ನೀಡಿ, ಮನುಷ್ಯರ ಒಡನಾಟ ಆದಷ್ಟು ಕಡಿಮೆ ಇರುವಂತೆ ನೋಡಿಕೊಂಡು, ಹಿಡಿದ ಪ್ರದೇಶದ ಹತ್ತಿರದ ಕಾಡಿಗೇ ಬೇಗನೆ ಬಿಡುವುದು ಸರಿಯಾದ ಕ್ರಮ. ಉರುಲಿನ ತಂತಿ ಕಾಲನ್ನು ಮೂಳೆಯವರೆಗೆ ಕೊಯ್ದು ಪಾದವನ್ನೇ ಕತ್ತರಿಸಬೇಕಾಗಿ ಬಂದರೆ ಮಾತ್ರ ಅದೂ ಕೇಂದ್ರದಲ್ಲೇ ಉಳಿಯುತ್ತದೆ.