ಗೋದಲಿ ಎಲ್ಲಿತ್ತು?

ಗುಂಪು: ಹಳೇಮನೆಯವರು
ಶನಿವಾರ, 20 ಡಿಸೆಂಬರ್ 2025

ತಮ್ಮ (ಬೆಂಗಳೂರು), ರಾತ್ರಿ 8:12
ಫಾರ್ವರ್ಡ್ ಆದ ಸಂದೇಶ:
"ಕ್ರಿಸ್‌ಮಸ್ ಬಗ್ಗೆ ಚರ್ಚಿನಲ್ಲಿ ಹೇಳದ ಸತ್ಯಗಳು! ಡಿಸೆಂಬರ್ 25 ಯೇಸು ಹುಟ್ಟಿದ ದಿನವಲ್ಲ, ರೋಮಿನ ಸೂರ್ಯದೇವರ ದಿನ. ಮೂವರು ರಾಜರು ಬೈಬಲ್ಲಿನಲ್ಲೇ ಇಲ್ಲ. ಯೆಹೂದದ ರಾಜ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ಸಿರಿಯದ ಅಧಿಪತಿ ಕುರೇನ್ಯನ ಖಾನೇಷುಮಾರಿ (ಜನಗಣತಿ) ನಡೆದದ್ದು ಕ್ರಿ.ಶ. 6ರಲ್ಲಿ. ಇಬ್ಬರ ಕಾಲದಲ್ಲೂ ಒಂದೇ ಮಗು ಹುಟ್ಟಿದ್ದು ಹೇಗೆ? ಕನ್ಯೆ ಅನ್ನೋದು ಭಾಷಾಂತರದ ತಪ್ಪು. ಎಲ್ಲರಿಗೂ ಕಳಿಸಿ."

ಅತ್ತೆ (ಹುಬ್ಬಳ್ಳಿ), 8:20
ಇದೇನಪ್ಪಾ, ಹಬ್ಬದ ವಾರದಲ್ಲಿ? ಕರ್ಚಿಕಾಯಿ ಕರಿಯೋದು ಬಿಟ್ಟು ಓದಿದೆ. ಮನಸ್ಸಿಗೆ ಒಂಥರಾ ಆಯಿತು.

ಕಾಕಾ, 8:24
ಮೊದಲು ಡಿಲೀಟ್ ಮಾಡು. ಮೂವತ್ತು ವರ್ಷ ಸಂಡೇ ಸ್ಕೂಲ್ ನಡೆಸಿದ್ದೇನೆ. ಊರಿನ ಮಕ್ಕಳಿಗೆಲ್ಲಾ ಈ ಕಥೆ ಹೇಳಿಕೊಟ್ಟವನು ನಾನು. ನನ್ನ ಮಗನೇ ಇದನ್ನು ಹಂಚುತ್ತಾನೆ ಅಂದರೆ ಏನು ಹೇಳಲಿ?

ತಮ್ಮ, 8:26
ಅಪ್ಪಾ, ಚುಚ್ಚೋಕೆ ಹಾಕಿದ್ದಲ್ಲ. ಆಫೀಸಿನ ಗೆಳೆಯ ಕಳಿಸಿ "ಇದಕ್ಕೆ ನಿನ್ನ ಉತ್ತರ ಏನು?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿದೆ. ಐದು ವರ್ಷ ನಿಮ್ಮ ಕ್ರಿಸ್‌ಮಸ್ ನಾಟಕದಲ್ಲಿ ಛತ್ರದ ಯಜಮಾನನ ಪಾತ್ರ ಮಾಡಿದೆ. ಗಡ್ಡ ಅಂಟಿಸಿಕೊಂಡು, ಕೈಯಲ್ಲಿ ಲಾಟೀನು ಹಿಡಿದು ಯೋಸೇಫನಿಗೂ ಮರಿಯಳಿಗೂ "ಜಾಗ ಇಲ್ಲ, ಮುಂದೆ ಹೋಗಿ" ಅಂದವನು ನಾನು. ಅದೆಲ್ಲಾ ಸುಳ್ಳಾ? ನಿಮ್ಮನ್ನು ಬಿಟ್ಟು ಇನ್ಯಾರನ್ನು ಕೇಳಲಿ?

ಕಾಕಾ, 8:27
ನಂಬಿಕೆಯನ್ನು ಕೇಳಿ ತಿಳಿಯೋದಲ್ಲ. ನಂಬೋದು.

ಪುಣೆ ತಂಗಿ, 8:31
ಕಾಕಾ, ಮರಿಯಳೂ ಕೇಳಿದಳಲ್ಲಾ. ನಿನಗೆ ಯೇಸು ಹುಟ್ಟುತ್ತಾನೆ ಅಂತ ದೇವದೂತ ಬಂದು ಹೇಳಿದಾಗ ಇದು ಹೇಗಾದೀತು ಅಂತ ಕೇಳಿದಳು. ದೇವದೂತ ಅವಳನ್ನು ಬೈಯಲಿಲ್ಲ.

ನಾನು, 8:48
ತಮ್ಮಾ, ಡಿಲೀಟ್ ಮಾಡಬೇಡ. ಕಾಕಾ, ನೀವು ಸಿಟ್ಟಾಗಬೇಡಿ. ಒಂದೊಂದಾಗಿ ನೋಡೋಣ.

ತಾರೀಖು: ಮತ್ತಾಯ, ಲೂಕ ಮೊದಲಾದವರು ಬರೆದ ಯೇಸುವಿನ ಚರಿತ್ರೆ, ಅಂದರೆ ಸುವಾರ್ತೆಗಳಲ್ಲಿ, ತಾರೀಖೇ ಇಲ್ಲ. ಡಿಸೆಂಬರ್ 25 ಅನ್ನೋದು ರೋಮಿನ ಕ್ರೈಸ್ತ ಸಭೆಯ ಹಳೇ ಪಟ್ಟಿಯೊಂದರಲ್ಲಿ ಸಿಗುತ್ತದೆ, ಅದು 336ರ ಮಾತು. ಅವ್ರೇಲಿಯನ್ ಚಕ್ರವರ್ತಿ ಸೂರ್ಯದೇವರ ಗುಡಿ ಕಟ್ಟಿಸಿದ್ದು 274ರಲ್ಲಿ. ಅದನ್ನು ನೋಡಿ ಇದನ್ನು ಇಟ್ಟರು ಅಂತ ಕೆಲವರು ಹೇಳುತ್ತಾರೆ. ಮರಿಯಳು ಗರ್ಭಿಣಿಯಾದದ್ದು ಮಾರ್ಚ್ 25 ಅಂತ ಹಿಡಿದು ಒಂಬತ್ತು ತಿಂಗಳು ಎಣಿಸಿದರು ಅಂತ ಇನ್ನು ಕೆಲವರು. ಅರ್ಮೇನಿಯಾದ ಸಭೆ ಈಗಲೂ ಜನವರಿ 6ಕ್ಕೆ ಹಬ್ಬ ಮಾಡುತ್ತದೆ. ಅವರ ಯೇಸು ಬೇರೆ ಅಲ್ವಲ್ಲಾ. ನಮ್ಮ ಅಜ್ಜಿಗೂ ತಾನು ಹುಟ್ಟಿದ ತಾರೀಖು ಗೊತ್ತಿಲ್ಲ. ಮುಂಗಾರಿ ಬಿತ್ತನೆಯ ಹೊತ್ತು ಅಂತಾಳೆ ಅಷ್ಟೆ.

ಮೂವರು ರಾಜರು: ಆ ಸಂದೇಶ ಹೇಳಿದ್ದು ಸರಿ. ಮತ್ತಾಯ ಬರೆದದ್ದು ಜೋಯಿಸರು ಅಂತ. ಎಷ್ಟು ಜನ ಅಂತ ಹೇಳಿಲ್ಲ. ಕಾಣಿಕೆ ಮೂರು ಇದ್ದವು, ಅದಕ್ಕೆ ನಾವು ಮೂವರನ್ನು ಮಾಡಿದೆವು.

ಖಾನೇಷುಮಾರಿ: ಇದು ನಿಜವಾಗಿಯೂ ಗಂಟು. ಮತ್ತಾಯನೂ ಲೂಕನೂ ಹೆರೋದನ ಕಾಲ ಅಂತಾರೆ. ಲೂಕ ಮಾತ್ರ ಕುರೇನ್ಯನನ್ನೂ ಸೇರಿಸುತ್ತಾನೆ. ನಡುವೆ ಸುಮಾರು ಹತ್ತು ವರ್ಷ ಅಂತರ. ಬಿಡಿಸಲು ಪಂಡಿತರು ಬಹಳ ಹೆಣಗಿದ್ದಾರೆ, ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ. ಬಿಡಿಸಿಬಿಟ್ಟೆ ಅಂತ ನಾನೂ ಹೇಳಲ್ಲ.

ತಮ್ಮ, 8:53
ಹಾಗಾದರೆ ಅಕ್ಕಾ, ಅದೊಂದು ತಪ್ಪಾದರೆ ಉಳಿದದ್ದನ್ನು ಯಾಕೆ ನಂಬಬೇಕು?

ನಾನು, 9:10
ಲೂಕ ಆ ಹೆಸರುಗಳನ್ನು ಯಾಕೆ ತಂದ ಅಂತ ನೋಡು. ಈಗಿನ ತುರ್ಕಿಯಲ್ಲಿ ಪ್ರಿಯೇನೆ ಅಂತ ಒಂದು ಹಾಳೂರು. ಅಲ್ಲಿ ಕ್ರಿ.ಪೂ. 9ರ ಕಲ್ಲಿನ ಶಾಸನ ಸಿಕ್ಕಿದೆ. ರೋಮಿನ ಔಗುಸ್ತ ಚಕ್ರವರ್ತಿಯನ್ನು ಅದು ರಕ್ಷಕ ಅನ್ನುತ್ತದೆ. ಅವನು ಹುಟ್ಟಿದ ದಿನ ಲೋಕಕ್ಕೆ ಸುವಾರ್ತೆ, ಅಂದರೆ ಒಳ್ಳೇ ಸುದ್ದಿ, ಶುರುವಾಯಿತು ಅನ್ನುತ್ತದೆ. ಸುವಾರ್ತೆ ಅನ್ನೋದಕ್ಕೆ ಅಲ್ಲಿರುವುದು ನಮ್ಮ ಸುವಾರ್ತೆಗೆ ಇರುವ ಗ್ರೀಕ್ ಪದವೇ. ಊರೂರಿಗೂ ಅದನ್ನು ಸಾರಿದ ಕಾಲ ಅದು.

ಲೂಕ ಮೊದಲು ಅದೇ ಔಗುಸ್ತನ ಹೆಸರು ಹೇಳುತ್ತಾನೆ. ಒಂದು ಆಜ್ಞೆಗೆ ರಾಜ್ಯದ ಜನರೆಲ್ಲಾ ಹೆಸರು ಬರೆಸೋಕೆ ಓಡಾಡಬೇಕು. ಆಮೇಲೆ ಆ ಓಡಾಟದ ನಡುವೆ ಒಬ್ಬ ಬಸುರಿಯನ್ನು ತೋರಿಸುತ್ತಾನೆ. ಅವಳ ಮಗುವನ್ನು ದನಕ್ಕೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸುತ್ತಾನೆ. ರಕ್ಷಕ, ಸುವಾರ್ತೆ ಅನ್ನೋ ಮಾತನ್ನು ಅರಮನೆಯ ಕಡೆಯಿಂದ ಎತ್ತಿ ತಂದು ಹೊಲದಲ್ಲಿ ಕುರಿ ಕಾಯುವವರಿಗೆ ಹೇಳಿಸುತ್ತಾನೆ. ಲೆಕ್ಕದವನ ಕಣ್ಣಿಗೆ ವರ್ಷ ತಪ್ಪಿರಬಹುದು. ಯಾರ ಎದುರು ಯಾರನ್ನು ನಿಲ್ಲಿಸಿದ ಅನ್ನೋದರಲ್ಲಿ ಲೂಕ ತಪ್ಪಿಲ್ಲ. ನಾನು ನಂಬಿರುವುದು ಅದನ್ನು.

ಕಾಕಾ, 9:14
ಕನ್ಯೆಯ ವಿಷಯ ಬಿಟ್ಟುಬಿಟ್ಟೆ. ವಿಶ್ವಾಸ ಪ್ರಮಾಣದಲ್ಲಿ ಪ್ರತಿ ಭಾನುವಾರ ಎದ್ದುನಿಂತು ಹೇಳುತ್ತೇವೆ. ಅದರಲ್ಲಿ ಒಂದು ಅಕ್ಷರವನ್ನೂ ಬಿಡಲು ನಾನು ತಯಾರಿಲ್ಲ.

ನಾನು, 9:20
ಬಿಟ್ಟಿಲ್ಲ ಕಾಕಾ. ಅವಳು ಗರ್ಭಿಣಿಯಾಗಿ ಮಗನನ್ನು ಹೆರುವಳು ಅಂತ ಪ್ರವಾದಿ ಯೆಶಾಯನ ವಚನ ಇದೆಯಲ್ಲಾ, ಅಲ್ಲಿರುವ ಹೀಬ್ರೂ ಪದಕ್ಕೆ ಪ್ರಾಯದ ಹೆಣ್ಣು ಅಂತ ಅರ್ಥ. ಅದನ್ನು ಗ್ರೀಕಿಗೆ ತಂದಾಗ ಕನ್ಯೆ ಅನ್ನೋ ಪದ ಬಂತು. ಆ ಭಾಷಾಂತರ ಮಾಡಿದವರು ಯೆಹೂದ್ಯರು, ಯೇಸು ಹುಟ್ಟುವ ಮುಂಚೆಯೇ. ಮತ್ತಾಯ ಆ ವಚನ ಎತ್ತಿ ಹೇಳುತ್ತಾನೆ. ಲೂಕ ಆ ವಚನವನ್ನು ಎತ್ತುವುದೇ ಇಲ್ಲ, ಆದರೂ ಮರಿಯಳು ಕನ್ಯೆ ಅಂತಾನೆ. ಅಂದಮೇಲೆ ಬರೀ ಒಂದು ಪದ ತಪ್ಪಿ ಹುಟ್ಟಿದ ನಂಬಿಕೆ ಅದು ಅನ್ನೋಕಾಗಲ್ಲ. ಭಾನುವಾರ ನಾನೂ ನಿಮ್ಮ ಜೊತೆ ಎದ್ದುನಿಂತೇ ಹೇಳೋದು.

ಕಾಕಾ, 9:21
ಸರಿ.

ನಾನು, 9:34
ಆದರೆ ಆ ಸಂದೇಶದವರಿಗೆ ಗೊತ್ತಿಲ್ಲದ ಒಂದು ಮಾತಿದೆ. ಕಾಕಾ, ಇದನ್ನು ನೀವು ಸಮಾಧಾನದಿಂದ ಓದಬೇಕು. ತಮ್ಮ ಮಾಡಿದ ಛತ್ರದ ಯಜಮಾನ ಲೂಕನಲ್ಲಿ ಇಲ್ಲ. ಬಾಗಿಲು ತಟ್ಟಿದ್ದೂ ಇಲ್ಲ, ಹೊರಗೆ ಕಳಿಸಿದ್ದೂ ಇಲ್ಲ. ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲ್ಲಿನಲ್ಲಿ, ಛತ್ರ ಅಂತ ಇರುವ ಕಡೆ ಗ್ರೀಕಿನಲ್ಲಿ ಕಟಾಲುಮಾ ಅಂತ ಇದೆ. ಯೇಸು ಶಿಷ್ಯರ ಜೊತೆ ಕಡೇ ಊಟ ಮಾಡಿದ ಮಹಡಿ ಕೋಣೆಗೂ ಲೂಕ ಇದೇ ಪದ ಬಳಸುತ್ತಾನೆ. ಅಂದರೆ ಮನೆಗೆ ಬಂದ ನೆಂಟರಿಗೆ ಬಿಡುವ ಕೋಣೆ. ಒಳ್ಳೇ ಸಮಾರ್ಯದವನ ಕಥೆಯಲ್ಲಿ ದುಡ್ಡು ಕೊಟ್ಟು ಇಳಿಯುವ ಜಾಗ ಬರುತ್ತಲ್ಲಾ, ಅದಕ್ಕೆ ಬೇರೆಯೇ ಪದ ಇಟ್ಟಿದ್ದಾನೆ.

ಯೇಸು ಹುಟ್ಟಿದ ಬೆತ್ಲೆಹೇಮ್ ಮರಿಯಳ ಗಂಡ ಯೋಸೇಫನ ವಂಶದ ಊರು. ನೆಂಟರು ಇರದೇ ಇರುತ್ತಾರಾ? ಆ ಕಡೆ ಹಳ್ಳಿಯ ಮನೆಗಳಲ್ಲಿ ಜನ ಮಲಗುವ ಜಾಗ ಸ್ವಲ್ಪ ಎತ್ತರ, ದನ ಕಟ್ಟುವ ಜಾಗ ತಗ್ಗು, ಎರಡೂ ಒಂದೇ ಸೂರಿನ ಕೆಳಗೆ. ಗೋದಲಿ ಆ ಅಂಚಿನಲ್ಲೇ. ನೆಂಟರ ಕೋಣೆ ತುಂಬಿತ್ತು, ಅದಕ್ಕೆ ಇವರು ಮನೆಯವರ ನಡುವೆಯೇ ಉಳಿದರು. ಮತ್ತಾಯನೂ ಜೋಯಿಸರು ಮನೆಯೊಳಗೆ ಹೋದರು ಅಂತಲೇ ಬರೆಯುತ್ತಾನೆ.

ನಮ್ಮ ಹಳೇಮನೆ ನೆನಪು ಮಾಡಿಕೊಳ್ಳಿ. ತಲಬಾಗಿಲು ದಾಟಿದರೆ ಮೊದಲು ದನ. ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಆ ಕಟ್ಟೆಯ ಅಂಚಿಗೆ ಕಲ್ಲಿನ ಗ್ವಾದಲಿ, ದನದ ನಾಲಿಗೆ ಆಡಿ ಆಡಿ ಒಳಗೆ ಗಾಜಿನ ಹಾಗೆ ನುಣುಪಾಗಿತ್ತು. ಚಿಕ್ಕವಳಿದ್ದಾಗ ಪಡಸಾಲೆಯಲ್ಲಿ ಮಲಗಿ ಕೈ ಇಳಿಬಿಟ್ಟರೆ ಎತ್ತು ಬೆರಳು ನೆಕ್ಕುತ್ತಿತ್ತು. ಲೂಕನ ಮಾತು ಓದಲು ನಮಗೆ ಜಾಸ್ತಿ ಪಾಂಡಿತ್ಯ ಬೇಕಿಲ್ಲ.

ಕಾಕಾ, 9:41
ಈಗ ನೀನು ಸತ್ಯವೇದವನ್ನೇ ತಿದ್ದಲು ಹೊರಟೆ. ದೇವರ ಮಗನಿಗೆ ಈ ಲೋಕದಲ್ಲಿ ಜಾಗ ಸಿಗಲಿಲ್ಲ. ಅದೇ ಈ ಕಥೆಯ ಜೀವ. ಬಾಗಿಲು ಮುಚ್ಚಿದ್ದರಿಂದಲೇ ತಾನೇ ನಾವು ಮಕ್ಕಳಿಗೆ "ನಿನ್ನ ಹೃದಯದ ಬಾಗಿಲು ತೆರಿ" ಅಂತ ಹೇಳೋದು? ಅದನ್ನು ತೆಗೆದರೆ ಏನು ಉಳಿಯಿತು?

ಅತ್ತೆ, 9:44
ನಾನು 2018ರಲ್ಲಿ ಬೆತ್ಲೆಹೇಮಿಗೆ ಹೋಗಿದ್ದೆ. ಅಲ್ಲಿ ತೋರಿಸಿದ್ದು ಗುಹೆ. ನೆಲದಲ್ಲಿ ಬೆಳ್ಳಿಯ ನಕ್ಷತ್ರ, ಹದಿನಾಲ್ಕು ಮೂಲೆ. ದೇವಾಲಯದ ಬಾಗಿಲು ಎಷ್ಟು ಗಿಡ್ಡ ಅಂದರೆ ಸೊಂಟ ಬಗ್ಗಿಸದೆ ಒಳಗೆ ಹೋಗೋಕೇ ಆಗಲ್ಲ. ನನ್ನ ಮೊಣಕಾಲು ನೋವಿತ್ತು, ಮುಂದಿದ್ದ ಹೆಂಗಸು ತಿರುಗಿ ಕೈ ಕೊಟ್ಟಳು. ಯಾವ ದೇಶದವಳೋ. ಅವಳ ಭಾಷೆ ನನಗೆ ಬರಲಿಲ್ಲ, ನನ್ನದು ಅವಳಿಗೆ ಬರಲಿಲ್ಲ.

ನಾನು, 9:50
ಅತ್ತೆ, ಗುಹೆಯ ಮಾತೂ ಹಳೆಯದೇ. ಎರಡನೇ ಶತಮಾನದಲ್ಲೇ ಹುತಾತ್ಮ ಜಸ್ಟಿನ್ ಬರೆದಿದ್ದಾನೆ. ಅಲ್ಲಿ ಗುಹೆಗೆ ಸೇರಿಸಿ ಮನೆ ಕಟ್ಟುತ್ತಿದ್ದರು, ಗುಹೆಯಲ್ಲಿ ದನ ಕಟ್ಟುತ್ತಿದ್ದರು.

ಕಾಕಾ, ಏನು ಉಳಿಯಿತು ಅಂತ ಕೇಳಿದಿರಿ. ಬಾಗಿಲು ಮುಚ್ಚಿದ ಕಥೆಯಲ್ಲಿ ತಪ್ಪು ಯಾವಾಗಲೂ ಯಾರೋ ಯಜಮಾನನದು. ನಾವು ಕೆಳಗೆ ಕೂತು ಅವನಿಗೆ ಛೀ ಅನ್ನುತ್ತೇವೆ, ಮನೆಗೆ ಹೋಗುತ್ತೇವೆ. ಈ ಕಥೆಯಲ್ಲಿ ಮೊದಲೇ ಇಕ್ಕಟ್ಟಾದ ಮನೆಯವರು ಸರಿದು ಕೂತರು. ದೇವರು ಬಂದದ್ದು ಖಾಲಿ ಜಾಗಕ್ಕಲ್ಲ. ಅಡುಗೆ ಹೊಗೆ, ಗಂಜಲದ ವಾಸನೆ, ನಿದ್ದೆ ಕೆಟ್ಟ ಮುದುಕರು, ಇದರ ನಡುವೆ ಬಂದ. ಯೋಹಾನ ನರಾವತಾರ ಅಂದನಲ್ಲಾ, ಅದು ಇದೇ ಅಂತ ನನಗೆ ಅನಿಸುತ್ತದೆ. ನನಗೆ ಇದು ಹೆಚ್ಚು ಕಷ್ಟದ ನಂಬಿಕೆ. ಮನಸ್ಸಿನ ಬಾಗಿಲು ತೆರೆದೆ ಅಂತ ಹೇಳಿಕೊಳ್ಳೋದು ಸುಲಭ. ಹಾಸಿಗೆ ಸರಿಸೋದು ಕಷ್ಟ.

ಪುಣೆ ತಂಗಿ, 9:56
2023ರಲ್ಲಿ ಬೆತ್ಲೆಹೇಮಿನ ಲೂಥರನ್ ಚರ್ಚಿನವರು ಗೋದಲಿಗೆ ಹುಲ್ಲು ಹಾಕಲಿಲ್ಲ. ಒಡೆದ ಕಾಂಕ್ರೀಟಿನ ರಾಶಿ ಹಾಕಿ ಅದರ ನಡುವೆ ಮಗುವನ್ನು ಇಟ್ಟರು. ಗಾಜಾದಲ್ಲಿ ಮಕ್ಕಳು ಹಾಗೇ ಇದ್ದಾರೆ ಅಂತ. ಆ ಫೋಟೋ ನೋಡಿದ ವರ್ಷ ನಮ್ಮ ಮನೆಯಲ್ಲಿ ಗೋದಲಿಗೆ ಬಣ್ಣದ ದೀಪ ಸುತ್ತೋಕೆ ನನಗೆ ಕೈ ಬರಲಿಲ್ಲ. ತಮ್ಮಾ, ನಿನ್ನ ಗೆಳೆಯನಿಗೆ ಅದನ್ನೂ ಹೇಳು. ಹೆರೋದ ಮಕ್ಕಳನ್ನು ಕೊಲ್ಲಿಸಿದ ಕಥೆ ನಿಜವಾ ಅಂತ ಕೇಳುವ ಸ್ಥಿತಿಯಲ್ಲಿ ಅಲ್ಲಿನ ತಾಯಂದಿರು ಇಲ್ಲ.

ಕಾಕಾ, 10:02
ಮಕ್ಕಳ ಸಂಕಟ ನನಗೂ ಗೊತ್ತು. ಆದರೂ ಛತ್ರದ ಮಾತು ಒಪ್ಪಲಾರೆ. ಅಷ್ಟು ಜನರ ನಡುವೆ ಯಾವ ಹೆಣ್ಣು ಹೆರುತ್ತಾಳೆ? ಯಾರು ಕೂಸನ್ನು ಗೋದಲಿಯಲ್ಲಿ ಮಲಗಿಸುತ್ತಾರೆ? ಮನೆಯಲ್ಲಿ ಒಂದು ತೊಟ್ಟಿಲಿಗೆ ಗತಿ ಇರಲಿಲ್ಲವಾ?

ಅತ್ತೆ, 10:19
ಅಣ್ಣಾ, ಅವ್ವ ಇಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ದಳು. ನಾನು ಒಂದೊಂದೇ ಓದಿ ಹೇಳುತ್ತಿದ್ದೆ. ನಿನ್ನ ಕಡೇ ಮಾತು ಕೇಳಿ ಫೋನು ಕೊಡು ಅಂದಳು. ವಾಯ್ಸ್ ಕಳಿಸಿದರೆ ಅವಳ ಮಾತು ನಿಮಗೆ ತಿಳಿಯಲ್ಲ, ಹಲ್ಲಿಲ್ಲ. ಅವಳು ಹೇಳಿದ್ದನ್ನು ನಾನೇ ಬರೆಯುತ್ತೇನೆ.

"ನೀನೇ ಹುಟ್ಟಿದ್ದು ಹಾಗೆ. ನಿಮ್ಮ ದೊಡ್ಡ ಸೋದರತ್ತೆಯ ಮದುವೆ ಇತ್ತು. ನಡುಮನೆ, ಪಡಸಾಲೆ ಎಲ್ಲಾ ಬೀಗರು. ನನಗೆ ಇನ್ನೂ ದಿನ ಇದೆ ಅಂದುಕೊಂಡಿದ್ದೆ. ಹಿಂದಿನ ರಾತ್ರಿಯೇ ಬೇನೆ ಬಂತು. ಸೂಲಗಿತ್ತಿ ಬಂದು ಮನೆಯೆಲ್ಲಾ ನೋಡಿ, ದನದ ಕಡೆ ಬಾ, ಅಲ್ಲಿ ಬೆಚ್ಚಗಿದೆ, ಗಂಡಸರೂ ಇಲ್ಲ ಅಂದಳು. ಎತ್ತುಗಳನ್ನು ಒಂದು ಪಕ್ಕಕ್ಕೆ ಕಟ್ಟಿದರು. ಸೀರೆ ಅಡ್ಡ ಹಿಡಿದರು. ನೀನು ಹುಟ್ಟಿದ ಮೇಲೆ ನೆಲದ ಮೇಲೆ ಹಾಕೋಕೆ ಹೆದರಿಕೆ. ಕತ್ತಲೆ, ಓಡಾಡುವ ಜನ, ಯಾರಾದರೂ ತುಳಿದುಬಿಟ್ಟರೆ? ಗ್ವಾದಲಿ ತೊಳೆದು, ಕಣಿಕೆ ಮೇಲೆ ನನ್ನ ಹಳೇ ಸೀರೆ ಹಾಸಿ ಮಲಗಿಸಿದೆವು. ಎತ್ತಿನ ಉಸಿರು ನಿನ್ನ ಮೇಲೆ ಬರುತ್ತಿತ್ತು. ನೀನು ಅಳಲೇ ಇಲ್ಲ.

ದನದ ಜಾಗದಲ್ಲಿ ಹೆತ್ತಳು ಅಂತ ಜನ ಆಡಿಕೊಳ್ಳುತ್ತಾರೆ, ಹೊರಗೆ ಹೇಳಬೇಡ ಅಂದರು. ಹೇಳಲಿಲ್ಲ. ಪ್ರತಿ ವರ್ಷ ಚರ್ಚಿನಲ್ಲಿ ಅಯ್ಯನವರು ಗೋದಲಿ ಅಂತ ಓದಿದಾಗ ನಾನು ತಲೆ ತಗ್ಗಿಸಿ ಕೂರುತ್ತೇನೆ. ಮರಿಯಳಿಗೂ ಹೀಗೇ ಆಯಿತಲ್ಲಾ, ಅವಳದ್ದನ್ನು ಓದುತ್ತಾರಲ್ಲಾ ಅಂತ ಕಣ್ಣಲ್ಲಿ ನೀರು ಬರುತ್ತದೆ."

ತಮ್ಮ, 10:23
ಅಪ್ಪಾ?

ತಮ್ಮ, 10:31
ಅಪ್ಪಾ, ಓದಿದಿರಾ?

ಕಾಕಾ, 10:46
ಓದಿದೆ. ಅರವತ್ತೆಂಟು ವರ್ಷ ಆಯಿತು. ಯಾರೂ ನನಗೆ ಹೇಳಲಿಲ್ಲ.

ಅತ್ತೆ, 10:48
ನೀನು ಕೇಳಲಿಲ್ಲ ಅಂತಾಳೆ.

ಕಾಕಾ, 10:55
ಮಂಗಳವಾರ ನಾಟಕ. ಛತ್ರದ ಯಜಮಾನನ ಪಾತ್ರದ ಹುಡುಗ ಮಾತೆಲ್ಲಾ ಬಾಯಿಪಾಠ ಮಾಡಿದ್ದಾನೆ. ಅವನ ಕೈಯಿಂದ ಪಾತ್ರ ಕಿತ್ತುಕೊಳ್ಳೋದು ಹೇಗೆ?

ತಮ್ಮ, 10:57
ಕಿತ್ತುಕೊಳ್ಳಬೇಡಿ. ಆ ಮನೆಯ ಯಜಮಾನ ಮಾಡಿ. ಅದೇ ಗಡ್ಡ, ಅದೇ ಲಾಟೀನು. "ಇಲ್ಲಿ ಕತ್ತಲೆ ಇದೆ, ನೋಡಿಕೊಂಡು ಬನ್ನಿ" ಅಂತ ದೀಪ ಹಿಡಿಯಲಿ. ನಾನು ಸೋಮವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ, ಬೆಳಿಗ್ಗೆ ಬಂದು ಅವನಿಗೆ ಹೇಳಿಕೊಡುತ್ತೇನೆ.

ಕಾಕಾ, 11:02
ಬಾ. ಛತ್ರ ಅನ್ನೋ ಪದದ ಬಗ್ಗೆ ಅಯ್ಯನವರ ಹತ್ತಿರ ನಾನೂ ಮಾತಾಡುತ್ತೇನೆ. ಒಪ್ಪಿದೆ ಅಂತ ಅಲ್ಲ.

ತಂಗೀ, ಅವ್ವ ಎಚ್ಚರ ಇದ್ದರೆ ಒಂದು ಕೇಳು. ಗ್ವಾದಲಿ ಯಾರು ತೊಳೆದರು?

ಅತ್ತೆ, 11:06
ಸೋದರತ್ತೆಯೇ ಅಂತೆ. ಮದುಮಗಳು. ಬೇರೆ ಯಾರ ಕೈಯೂ ಖಾಲಿ ಇರಲಿಲ್ಲವಂತೆ. ಅವಳ ಕೈಗೆ ಹಚ್ಚಿದ್ದ ಅರಿಶಿನ ಕಲ್ಲಿಗೆ ಹತ್ತಿ, ತಿಂಗಳುಗಟ್ಟಲೆ ಹಾಗೇ ಹಳದಿಯಾಗಿ ಇತ್ತಂತೆ.